ಹಾಳೆಯ ಹಿಂಬದಿಯ ಮೂರು ಸಾಲು

ಅಪ್ಪ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತ ದಿನವೇ ನಮಗೆ ಅನುಮಾನ ಬರಬೇಕಿತ್ತು.

ಗಡಿಯಾರ ಕೆಟ್ಟಿರಲಿಲ್ಲ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದಿದ್ದೆ. ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಅಪ್ಪ ನೆಲದ ಮೇಲೆ ಪೇಪರ್ ಹಾಸಿ, ಗಡಿಯಾರದ ಹಲ್ಲುಚಕ್ರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸುತ್ತಿದ್ದರು. ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸುತ್ತಿದ್ದರು. "ಏನಪ್ಪಾ ಇದು?" ಅಂದೆ. "ಸುಮ್ನೆ ನೋಡ್ತಾ ಇದ್ದೆ" ಅಂದರು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಪಾರ್ಕಿನ್ಸನ್ ಕಾಯಿಲೆ ಬಂದು ಮೂರು ವರ್ಷವಾಗಿತ್ತು. ಅಪ್ಪನ ಬೆರಳು ಅಷ್ಟು ಸಲೀಸಾಗಿ ಓಡಾಡಿದ್ದನ್ನು ನಾನು ನೋಡದೆ ಎಷ್ಟೋ ದಿನವಾಗಿತ್ತು. ಹೊಸ ಮಾತ್ರೆ ಚೆನ್ನಾಗಿ ಹಿಡಿದಿದೆ ಅಂತ ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಹಿಡಿದಿತ್ತು. ಏನನ್ನು ಹಿಡಿದಿದೆ ಅಂತ ಗೊತ್ತಾಗಲು ಇನ್ನೂ ಏಳು ತಿಂಗಳು ಬೇಕಾಯಿತು.

ಅಪ್ಪ ಮೂವತ್ತನಾಲ್ಕು ವರ್ಷ ಆಡಿಟ್ ಕೆಲಸ ಮಾಡಿದವರು. ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗ. ಮನೆಯಲ್ಲೂ ದಿನಾ ರಾತ್ರಿ ಡೈರಿ ಬರೆಯುತ್ತಿದ್ದರು. ಖರ್ಚಿಗೆ ನೀಲಿ ಪೆನ್ನು, ಸಾಲಕ್ಕೆ ಕೆಂಪು ಪೆನ್ನು. ಕೆಂಪು ಪೆನ್ನು ಬಳಸದೆ ಬಳಸದೆ ಒಣಗಿ ಹೋಗಿತ್ತು. ಯಾರೋ ಪ್ರೀತಿಯಿಂದ ಕೊಟ್ಟ ಲಾಟರಿ ಟಿಕೆಟ್ಟನ್ನು ಅವರ ಮನೆಗೇ ಹೋಗಿ ವಾಪಸ್ ಕೊಟ್ಟು ಬಂದ ಮನುಷ್ಯ.

ಆ ಮನುಷ್ಯ ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ನಾಲ್ಕರವರೆಗೆ ಫೋನಿನಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡುತ್ತಿದ್ದರು. ಬ್ಯಾಂಕಿನಿಂದ ಬಂದ ಒಂದು ಮೆಸೇಜಿನಿಂದ ಅದು ಗೊತ್ತಾಯಿತು. ಅಮ್ಮನ ಮಂಡಿ ಆಪರೇಷನ್ನಿಗೆಂದು ಇಟ್ಟಿದ್ದ ಡಿಪಾಸಿಟ್ಟನ್ನು ಅವಧಿಗೆ ಮೊದಲೇ ಮುರಿಸಿದ್ದರು. ಅದಕ್ಕೂ ಮುಂಚೆ ಇನ್ನೆರಡು ಡಿಪಾಸಿಟ್ಟು ಹೋಗಿದ್ದವು. ಅರ್ಜಿಯಲ್ಲಿ ಅಮ್ಮನ ಸಹಿಯನ್ನು ಅಪ್ಪನೇ ಹಾಕಿದ್ದರು. ಕೆಲಸದಲ್ಲಿದ್ದಾಗ ಕಳ್ಳ ಸಹಿ ಹಿಡಿಯುವುದರಲ್ಲಿ ಅವರಿಗೆ ಹೆಸರಿತ್ತು.

ತಮ್ಮ ಎದುರಿಗೇ ನಿಂತು, "ಇಷ್ಟು ವರ್ಷ ನಮ್ಮ ಮುಂದೆ ನಾಟಕ ಆಡಿದ್ರಾ?" ಅಂತ ಕೇಳಿದ. ಆಮೇಲೆ ನಾಲ್ಕು ತಿಂಗಳು ಅಪ್ಪನ ಹತ್ತಿರ ಮಾತಾಡಲಿಲ್ಲ. ಅಮ್ಮ ಬೈಯಲಿಲ್ಲ. ಡೈರಿ ತಂದು ಅಪ್ಪನ ಮುಂದೆ ತೆರೆದಿಟ್ಟಳು. ಏಳು ತಿಂಗಳು ಬರೀ ಖಾಲಿ ಪುಟ. ಅಪ್ಪ ತುಂಬಾ ಹೊತ್ತು ಅದನ್ನೇ ನೋಡಿ, "ಬೇಡ ಅನ್ಕೊಂಡೇ ಕೈ ಹಾಕ್ತೀನಿ. ಯಾಕೆ ಅಂತ ನನಗೇ ಗೊತ್ತಾಗ್ತಿಲ್ಲ" ಅಂದರು. ಆಗ ನಾವು ಯಾರೂ ನಂಬಲಿಲ್ಲ. ಜೂಜಾಡುವವರೆಲ್ಲ ಹಾಗೇ ಹೇಳುತ್ತಾರೆ ಅಲ್ವಾ?

ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದ್ದು ಜೂಜಿನ ಚಟ ಬಿಡಿಸುವವರನ್ನು. ಅಂಥವರು ಕಾಯಿಲೆ ಇರುವವರನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ ಅಂತ 'ಪಾರ್ಕಿನ್ಸನ್' ಅನ್ನುವ ಪದವನ್ನೂ ಜೊತೆಗೆ ಹಾಕಿದೆ. ಚಟ ಬಿಡಿಸುವವರು ಸಿಗಲಿಲ್ಲ. ಸಿಕ್ಕಿದ್ದು ಕೋರ್ಟಿನ ಸುದ್ದಿ. ಡಾಕ್ಟರಿಗಿಂತ ಮೊದಲು ನನಗೆ ವಿಷಯ ಹೇಳಿದ್ದು ಫ್ರಾನ್ಸಿನ ಒಂದು ಕೇಸು.

ಹೆಂಡತಿ ಮಕ್ಕಳಿದ್ದ ಒಬ್ಬರಿಗೆ 2003ರಲ್ಲಿ ರೋಪಿನಿರೋಲ್ ಅನ್ನುವ ಪಾರ್ಕಿನ್ಸನ್ ಮಾತ್ರೆ ಶುರುವಾಯಿತು. ಗ್ಲಾಕ್ಸೊ ಸ್ಮಿತ್‌ಕ್ಲೈನ್ ಕಂಪನಿ ಅದನ್ನು ರೆಕ್ವಿಪ್ ಅನ್ನುವ ಹೆಸರಿನಲ್ಲಿ ಮಾರುತ್ತಿತ್ತು. ಆತ ಇಂಟರ್ನೆಟ್ಟಿನಲ್ಲಿ ಜೂಜಿಗೆ ಬಿದ್ದರು. ಉಳಿತಾಯ ಕರಗಿತು, ಕಳ್ಳತನಕ್ಕೂ ಇಳಿದರು. ಲೈಂಗಿಕ ಬಯಕೆಯೂ ಹತೋಟಿ ತಪ್ಪಿತು. ಸಾಯಲೂ ಪ್ರಯತ್ನಿಸಿದರು. 2005ರಲ್ಲಿ ಮಾತ್ರೆ ನಿಲ್ಲಿಸಿದ ಮೇಲೆ ಎಲ್ಲ ನಿಂತಿತು. ಇಂಥದ್ದು ಆಗಬಹುದು ಅನ್ನುವ ಎಚ್ಚರಿಕೆ ಮಾತ್ರೆ ಡಬ್ಬಿಯ ಹಾಳೆಗೆ ಬಂದಿದ್ದು 2006ರಲ್ಲಿ. 2012ರ ನವೆಂಬರಿನಲ್ಲಿ ರೆನ್ ನಗರದ ಅಪೀಲು ಕೋರ್ಟು ಕಂಪನಿ ಅವರಿಗೆ ಸುಮಾರು 1,97,000 ಯೂರೋ ಕೊಡಬೇಕು ಅಂತ ಹೇಳಿತು.

ಇದನ್ನು ಓದಿ ಮುಗಿಸುವಾಗ ಬೆಳಗಾಗಿತ್ತು. ಅಪ್ಪನ ಮಾತ್ರೆ ಡಬ್ಬಿ ತೆರೆದೆ. ಅವರದು ಪ್ರಾಮಿಪೆಕ್ಸೋಲ್, ಅದೇ ಜಾತಿಯ ಮಾತ್ರೆ. ಒಳಗೆ ಹದಿನಾರು ಮಡಿಕೆ ಮಾಡಿದ ಹಾಳೆ. ಅಕ್ಷರ ಇರುವೆ ಸಾಲಿನ ಹಾಗೆ. ಅಮ್ಮನ ಭೂತಗನ್ನಡಿ ಹಿಡಿದು ಓದುತ್ತಾ ಹೋದೆ. ವಾಕರಿಕೆ, ತಲೆಸುತ್ತು, ಮಲಬದ್ಧತೆ, ಇದ್ದಕ್ಕಿದ್ದಂತೆ ನಿದ್ದೆ. ಹಿಂಬದಿಗೆ ತಿರುಗಿಸಿದರೆ ಕೆಳಗಡೆ ಮೂರು ಸಾಲು. ಜೂಜಾಡುವ ತಡೆಯಲಾಗದ ಹಂಬಲ, ವಿಪರೀತ ಖರೀದಿ, ಅತಿಯಾಗಿ ತಿನ್ನುವುದು, ಲೈಂಗಿಕ ಬಯಕೆ ಹೆಚ್ಚುವುದು. ಇಂಥದ್ದು ಕಂಡರೆ ವೈದ್ಯರಿಗೆ ತಿಳಿಸಿ.

ಆ ಹಾಳೆ ಏಳು ತಿಂಗಳಿಂದ ನಮ್ಮ ಮನೆಯಲ್ಲೇ ಇತ್ತು. ಪ್ರತಿ ಡಬ್ಬಿಗೂ ಒಂದು. ಅಮ್ಮ ಅದನ್ನು ಬೀರುವಿನ ಬಾಗಿಲು ಅಲುಗಾಡದಂತೆ ಸಂದಿಗೆ ಸಿಕ್ಕಿಸುತ್ತಿದ್ದಳು.

ಮಾತ್ರೆಗೂ ಜೂಜಿಗೂ ಏನು ಸಂಬಂಧ ಅಂತ ಮೊದಲು ನನಗೂ ಅರ್ಥವಾಗಿರಲಿಲ್ಲ. ಪಾರ್ಕಿನ್ಸನ್ ಇರುವವರ ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಕಡಿಮೆಯಾಗುತ್ತದೆ. ಕೈಕಾಲು ಸರಾಗವಾಗಿ ಆಡಲು ಅದು ಬೇಕು. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆಗಳು ಡೋಪಮೈನ್ ವೇಷ ಹಾಕಿಕೊಂಡು ಅದರ ಕೆಲಸ ಮಾಡುತ್ತವೆ. ತೊಂದರೆ ಏನೆಂದರೆ, ಮಿದುಳಿನಲ್ಲಿ ಡೋಪಮೈನಿಗೆ ಇನ್ನೊಂದು ಕೆಲಸವೂ ಇದೆ. 'ಗೆದ್ದೆ', 'ಇನ್ನೊಂದು ಸಲ' ಅನ್ನುವ ಆಸೆ ಹುಟ್ಟಿಸುವುದು. ಅದಕ್ಕೆ ಸಂಬಂಧಪಟ್ಟ ಡಿ3 ಅನ್ನುವ ಗ್ರಾಹಕಗಳನ್ನು, ಅಂದರೆ ಡೋಪಮೈನ್ ಬಂದು ಅಂಟಿಕೊಳ್ಳುವ ಜಾಗಗಳನ್ನು, ಪ್ರಾಮಿಪೆಕ್ಸೋಲ್ ವಿಶೇಷವಾಗಿ ಹುಡುಕಿಕೊಂಡು ಹೋಗುತ್ತದೆ. ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು, ಇದೂ ಅದರದೇ ಇನ್ನೊಂದು ರೂಪ. ಅದಕ್ಕೆ ಡಾಕ್ಟರುಗಳು 'ಪಂಡಿಂಗ್' ಅನ್ನುತ್ತಾರೆ. ನಮ್ಮ ಗಡಿಯಾರ!

ಇದು ಎಲ್ಲೋ ಒಬ್ಬರಿಬ್ಬರಿಗೆ ಆಗುವುದಲ್ಲ. 2005ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಹೀಗೆ ಜೂಜಿಗೆ ಬಿದ್ದ 11 ಪಾರ್ಕಿನ್ಸನ್ ರೋಗಿಗಳ ಬಗ್ಗೆ ಬರೆದರು. ಅವರಲ್ಲಿ 9 ಜನ ತೆಗೆದುಕೊಳ್ಳುತ್ತಿದ್ದದ್ದು ಪ್ರಾಮಿಪೆಕ್ಸೋಲ್. 2010ರಲ್ಲಿ ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ದೊಡ್ಡ ಅಧ್ಯಯನ ಬಂತು. ಈ ಜಾತಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೂರಕ್ಕೆ 17 ಜನರಿಗೆ ಜೂಜು, ಖರೀದಿ, ತಿನ್ನುವುದು, ಲೈಂಗಿಕತೆ ಇವುಗಳಲ್ಲಿ ಯಾವುದೋ ಒಂದು ಹತೋಟಿ ತಪ್ಪಿತ್ತು. ತೆಗೆದುಕೊಳ್ಳದವರಲ್ಲಿ ನೂರಕ್ಕೆ 7.

ನನಗೆ ಸಿಟ್ಟು ನೆತ್ತಿಗೇರಿತ್ತು. ಕೇಸು ಹಾಕಲೇಬೇಕು ಅಂತ ತೀರ್ಮಾನಿಸಿ ವಕೀಲೆಯಾಗಿರುವ ಗೆಳತಿಗೆ ಫೋನ್ ಮಾಡಿದೆ. ಅಮೆರಿಕದ ಮಿನ್ನೆಸೋಟಾದಲ್ಲಿ 2008ರಲ್ಲಿ ಜ್ಯೂರಿ ಒಬ್ಬ ಪಾರ್ಕಿನ್ಸನ್ ರೋಗಿಗೆ 82 ಲಕ್ಷ ಡಾಲರ್ ಕೊಡಿಸಿದ್ದನ್ನು ಅಷ್ಟು ಹೊತ್ತಿಗೆ ಓದಿ ಬಾಯಿಪಾಠ ಮಾಡಿಕೊಂಡಿದ್ದೆ. ಅವರು ತೆಗೆದುಕೊಂಡಿದ್ದೂ ಅಪ್ಪನ ಮಾತ್ರೆಯೇ, ಅಲ್ಲಿ ಅದರ ಹೆಸರು ಮಿರಾಪೆಕ್ಸ್. ಜೂಜಿನಲ್ಲಿ ಕಳೆದದ್ದು ಅದರಲ್ಲಿ ಸಣ್ಣ ಭಾಗ. ದೊಡ್ಡ ಮೊತ್ತವೆಲ್ಲ ಕಂಪನಿಗೆ ಬುದ್ಧಿ ಕಲಿಸಲು ಹಾಕಿದ ದಂಡ.

ಗೆಳತಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಹಾಳೆಯಲ್ಲಿ ಬರೆದಿದೆ ಅಂದೆಯಲ್ಲ?"

"ಹೌದು, ಮೂರು ಸಾಲು."

"ಹಾಗಾದ್ರೆ ಕಂಪನಿ ಮೇಲಿನ ಕೇಸು ಅಲ್ಲಿಗೇ ಸೊರಗಿತು."

ಈ ಮಾತು ಜೀರ್ಣಿಸಿಕೊಳ್ಳಲು ನನಗೆ ಸಮಯ ಹಿಡಿಯಿತು. ಮಾತ್ರೆಯಿಂದ ಕೆಟ್ಟದ್ದಾದರೆ ಕಂಪನಿ ತಪ್ಪಿತಸ್ಥ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಮಾತ್ರೆ ಅಂದ ಮೇಲೆ ಅಡ್ಡಪರಿಣಾಮ ಇದ್ದೇ ಇರುತ್ತದೆ, ಅದನ್ನು ಕಾನೂನೂ ಒಪ್ಪುತ್ತದೆ. ಇಂಥ ಕೇಸುಗಳಲ್ಲಿ ಹೆಚ್ಚಾಗಿ ಜಗಳ ನಡೆಯುವುದು ಎಚ್ಚರಿಕೆಯ ಬಗ್ಗೆ. ಕಂಪನಿಗೆ ಯಾವಾಗ ಗೊತ್ತಾಯಿತು, ಯಾವಾಗ ಹೇಳಿತು? ಈ ಎರಡು ತಾರೀಕುಗಳ ನಡುವೆ ಮಾತ್ರೆ ನುಂಗಿದವರಿಗೆ ಕೇಸಿದೆ. ಫ್ರಾನ್ಸಿನವರು ಆ ಸಂದಿಯಲ್ಲಿ ಸಿಕ್ಕಿಬಿದ್ದವರು. ಅಪ್ಪ ಆ ಸಂದಿ ಮುಚ್ಚಿ ಎಷ್ಟೋ ವರ್ಷವಾದ ಮೇಲೆ ಬಂದವರು.

ನೋವು ನಿವಾರಕ ವಯಾಕ್ಸ್ ಕಥೆಯೂ ಇದೇ ಸಂದಿಯದು. ಮರ್ಕ್ ಕಂಪನಿಯ ಈ ಮಾತ್ರೆ 1999ರಲ್ಲಿ ಬಂತು. ಇನ್ನೊಂದು ಮಾತ್ರೆ ತೆಗೆದುಕೊಂಡವರಿಗಿಂತ ಇದನ್ನು ತೆಗೆದುಕೊಂಡವರಿಗೆ ಹೃದಯಾಘಾತ ಜಾಸ್ತಿ ಅಂತ 2000ದಲ್ಲೇ ಕಂಪನಿಯದೇ ಒಂದು ಅಧ್ಯಯನದಲ್ಲಿ ಕಂಡಿತ್ತು. ನಮ್ಮ ಮಾತ್ರೆ ಹೃದಯ ಕೆಡಿಸುತ್ತಿಲ್ಲ, ಆ ಇನ್ನೊಂದು ಮಾತ್ರೆ ಹೃದಯ ಕಾಯುತ್ತಿದೆ ಅಂತ ಕಂಪನಿ ವಾದಿಸಿತು. (ಅಪ್ಪ ಇದನ್ನು ಕೇಳಿ, "ಇಂಥ ವಿವರಣೆ ನನ್ನ ಮುಂದೆ ಎಷ್ಟು ಬಂದಿದೆಯೋ!" ಅಂದರು.) 2004ರ ಸೆಪ್ಟೆಂಬರ್ 30ರಂದು ಮಾತ್ರೆಯನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. 2007ರಲ್ಲಿ ಸಾವಿರಾರು ಕೇಸುಗಳನ್ನು ಒಟ್ಟಿಗೆ ಬಗೆಹರಿಸಲು ಕಂಪನಿ 485 ಕೋಟಿ ಡಾಲರಿಗೆ ಒಪ್ಪಿತು. ಅದರ ಒಂದೊಂದು ಕೇಸಿನಲ್ಲೂ ಒಂದೇ ತಕರಾರು. ವಯಸ್ಸಾದವರಿಗೆ ಹೃದಯಾಘಾತ ಹೇಗೂ ಆಗುತ್ತದೆ, ಇವರಿಗೆ ಆಗಿದ್ದು ಮಾತ್ರೆಯಿಂದಲೇ ಅಂತ ಏನು ಗ್ಯಾರಂಟಿ?

ಈ ವಿಷಯದಲ್ಲಿ ನಮ್ಮದು ಗಟ್ಟಿ ಅಂತ ಗೆಳತಿಯೂ ಒಪ್ಪಿದಳು. ಮಾತ್ರೆಗೆ ಮೊದಲು ಅರವತ್ತೈದು ವರ್ಷ ಜೂಜಿಲ್ಲ, ಮಾತ್ರೆ ಶುರುವಾದ ಮೇಲೆ ಜೂಜು. ನಿಲ್ಲಿಸಿದ ಮೇಲೆ ನಿಂತರೆ ಇನ್ನೇನು ಬೇಕು? "ಆದರೂ ಅಷ್ಟು ಸುಲಭ ಅಂದ್ಕೋಬೇಡ" ಅಂತ ಹೇಳಿ ಅವಳು ಬೆಂಡೆಕ್ಟಿನ್ ಕಥೆ ಹೇಳಿದಳು. ಅದು ಬಸುರಿಯರ ವಾಂತಿಗೆ ಕೊಡುತ್ತಿದ್ದ ಮಾತ್ರೆ. ಅದರಿಂದ ಮಕ್ಕಳಿಗೆ ಅಂಗವೈಕಲ್ಯ ಬಂತೆಂದು ಅಮೆರಿಕದಲ್ಲಿ ರಾಶಿ ಕೇಸು ಬಿದ್ದವು. ಕಂಪನಿ 1983ರಲ್ಲಿ ಮಾತ್ರೆ ಮಾಡುವುದನ್ನೇ ನಿಲ್ಲಿಸಿತು. ಅಧ್ಯಯನಗಳ ಮೇಲೆ ಅಧ್ಯಯನ ನಡೆದವು, ಮಾತ್ರೆಯಲ್ಲಿ ತಪ್ಪು ಕಾಣಲಿಲ್ಲ. ಇಂಥದ್ದೊಂದು ಕೇಸಿನಲ್ಲೇ 1993ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ತಜ್ಞರು ಹೇಳುವ ವಿಜ್ಞಾನ ಗಟ್ಟಿಯೋ ಜೊಳ್ಳೋ ಅಂತ ನ್ಯಾಯಾಧೀಶರು ಮೊದಲು ಜರಡಿ ಹಿಡಿಯಬೇಕು ಅಂತ ಹೇಳಿತು. 2013ರಲ್ಲಿ ಅದೇ ಮಿಶ್ರಣ ಬೇರೆ ಹೆಸರಿನಲ್ಲಿ ವಾಪಸ್ ಬಂತು. ನೊಂದವರು ಹೇಳಿದ್ದೆಲ್ಲ ನಿಜವಾಗಿರಬೇಕಿಲ್ಲ. ಕೇಳಲು ನನಗೆ ಇಷ್ಟವಾಗಲಿಲ್ಲ, ಆದರೆ ಅವಳು ಹೇಳಿದ್ದು ಸರಿ.

ನಾನು ಬಿಡಲಿಲ್ಲ. ಹಾಳೆಯಲ್ಲಿದ್ದರೆ ಸಾಕೇ, ಅಪ್ಪನಿಗೆ ಯಾರಾದರೂ ಹೇಳಬೇಡವೇ ಅಂದೆ. ಆಗ ಗೊತ್ತಾದದ್ದು ಇನ್ನೂ ವಿಚಿತ್ರ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ, ಡಾಕ್ಟರ ಚೀಟಿ ಇಲ್ಲದೆ ಸಿಗದ ಔಷಧಿಯ ಬಗ್ಗೆ ಕಂಪನಿ ಎಚ್ಚರಿಸಬೇಕಾದದ್ದು ಡಾಕ್ಟರನ್ನು. ರೋಗಿಯನ್ನಲ್ಲ. ಡಾಕ್ಟರಿಗೆ ಹೇಳಿದರೆ ಕಂಪನಿಯ ಋಣ ತೀರಿತು. ತಿಳಿದವರು ನಡುವೆ ಇದ್ದಾರೆ, ಅವರು ರೋಗಿಗೆ ಬೇಕಾದಷ್ಟು ಹೇಳುತ್ತಾರೆ ಅನ್ನುವ ನಂಬಿಕೆ.

ನಮ್ಮ ನಡುವೆ ಇದ್ದ ಡಾಕ್ಟರು ಒಳ್ಳೆಯವರೇ. ವಿಷಯ ಹೇಳಿದಾಗ ಗಾಬರಿಯಾದರು. "ಮೊದಲ ದಿನವೇ ಹೇಳಿದ್ದೆನಲ್ಲ?" ಅಂದರು. ಅಪ್ಪನಿಗೆ ನೆನಪಿಲ್ಲ. ಅಮ್ಮನಿಗೂ ನೆನಪಿಲ್ಲ. ಚೀಟಿಯಲ್ಲಿ ಬರೆದಿಲ್ಲ. ಹೇಳಿದ್ದರೂ ಹೇಗೆ ಹೇಳಿರಬಹುದು ಅಂತ ಊಹಿಸಬಲ್ಲೆ. "ಸ್ವಲ್ಪ ಸ್ವಭಾವದಲ್ಲಿ ವ್ಯತ್ಯಾಸ ಆಗಬಹುದು, ನೋಡ್ಕೊಳ್ಳಿ." ಜೂಜು ಅನ್ನುವ ಪದ ಬಂದಿದ್ದರೆ ಅಮ್ಮ ಮರೆಯುತ್ತಿರಲಿಲ್ಲ. ಇನ್ನೊಂದು ಮಾತು. ಇದನ್ನು ಅಪ್ಪನೊಬ್ಬರಿಗೇ ಹೇಳಿ ಏನು ಪ್ರಯೋಜನ? ಕಾವಲು ಕಾಯಬೇಕಾದ ಬುದ್ಧಿಯನ್ನೇ ಮಾತ್ರೆ ಮೊದಲು ಮಲಗಿಸುತ್ತದೆ. ಈ ಎಚ್ಚರಿಕೆಯನ್ನು ಪಕ್ಕದ ಕುರ್ಚಿಯಲ್ಲಿ ಕೂತ ಅಮ್ಮನಿಗೆ ಹೇಳಬೇಕಿತ್ತು. ಹಾಗಂತ ಯಾವ ಕಾನೂನಿನಲ್ಲೂ ನನಗೆ ಸಿಗಲಿಲ್ಲ.

ಗೆಳತಿಯ ಕೊನೆಯ ಪ್ರಶ್ನೆ, ಯಾವ ಕಂಪನಿ ಮಾತ್ರೆ? ಹಳೆಯ ಸ್ಟ್ರಿಪ್ಪುಗಳನ್ನೆಲ್ಲ ಟೇಬಲ್ಲಿನ ಮೇಲೆ ಹರಡಿದೆ. ಏಳು ತಿಂಗಳಿಗೆ ನಾಲ್ಕು ಕಂಪನಿ. ಅಂಗಡಿಯವರು ಇದ್ದದ್ದನ್ನು ಕೊಟ್ಟಿದ್ದರು, ನಾವು ಹೆಸರು ನೋಡಿರಲಿಲ್ಲ. ಇದೂ ಹಳೆಯ ಸಮಸ್ಯೆಯೇ. ಡಿಇಎಸ್ ಅನ್ನುವ ಹಾರ್ಮೋನು ಮಾತ್ರೆಯನ್ನು ಅಮೆರಿಕದಲ್ಲಿ 1971ರವರೆಗೂ ಬಸುರಿಯರಿಗೆ, ಗರ್ಭ ನಿಲ್ಲಲಿ ಅಂತ ಕೊಡುತ್ತಿದ್ದರು. ಹುಟ್ಟಿದ ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಕೆಲವರಿಗೆ ಅಪರೂಪದ ಕ್ಯಾನ್ಸರ್ ಬಂತು. ಅಷ್ಟು ವರ್ಷದ ಹಿಂದೆ ತಾಯಿ ನುಂಗಿದ್ದು ಯಾರ ಮಾತ್ರೆ ಅಂತ ಮಗಳು ಎಲ್ಲಿಂದ ಹೇಳಬೇಕು? 1980ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಒಂದು ಜಾಣ ದಾರಿ ಹುಡುಕಿತು. ಮಾರುಕಟ್ಟೆಯಲ್ಲಿ ಯಾರ ಪಾಲು ಎಷ್ಟೋ, ಪರಿಹಾರದಲ್ಲೂ ಅಷ್ಟು ಪಾಲು. ಅಪ್ಪನಿಗೆ ಈ ತೀರ್ಪು ಬಹಳ ಹಿಡಿಸಿತು. "ಶುದ್ಧ ಲೆಕ್ಕ" ಅಂದರು.

ಹಿಡಿಸದಿದ್ದದ್ದು ಇನ್ನೊಂದು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ವರ್ಮಾಂಟ್ ರಾಜ್ಯದ ಒಬ್ಬ ಸಂಗೀತಗಾರ್ತಿಯ ಕೇಸು ಬಂತು. ಮೈಗ್ರೇನಿನ ವಾಕರಿಕೆಗೆ ಕೊಟ್ಟ ಇಂಜೆಕ್ಷನ್ನಿನಿಂದ ಕೈ ಕೊಳೆತು, ಕತ್ತರಿಸಬೇಕಾಯಿತು. ಔಷಧಿಯ ಎಚ್ಚರಿಕೆಗೆ ಸರ್ಕಾರ ಒಪ್ಪಿಗೆ ಕೊಟ್ಟಿದ್ದರೂ ಕಂಪನಿ ಜವಾಬ್ದಾರಿ ತಪ್ಪಿಸಿಕೊಳ್ಳಲಾಗದು ಅಂತ ಕೋರ್ಟು ಹೇಳಿತು. ಎರಡೇ ವರ್ಷಕ್ಕೆ, 2011ರಲ್ಲಿ, ಅದೇ ಕೋರ್ಟು ಇನ್ನೊಂದು ಮಾತು ಹೇಳಿತು. ಈ ಸಲ ಬಂದವರು ತೆಗೆದುಕೊಂಡಿದ್ದು ಜೆನೆರಿಕ್ ಮಾತ್ರೆ, ಅಂದರೆ ಮೂಲ ಕಂಪನಿಯ ಔಷಧಿಯನ್ನೇ ಬೇರೆ ಕಂಪನಿಯವರು ಮಾಡಿದ್ದು. ಹೆಸರು ಮೆಟೊಕ್ಲೋಪ್ರಮೈಡ್. ಅದರಿಂದ ಮುಖ, ನಾಲಿಗೆ ತಾವಾಗಿಯೇ ಅಲುಗಾಡುವ ಕಾಯಿಲೆ ಅಂಟಿಕೊಂಡಿತ್ತು. ಜೆನೆರಿಕ್ ಮಾಡುವವರು ಮೂಲ ಕಂಪನಿಯ ಎಚ್ಚರಿಕೆಯನ್ನು ಅಕ್ಷರ ಬಿಡದೆ ನಕಲು ಮಾಡಲೇಬೇಕು ಅಂತ ಕಾನೂನಿದೆ, ತಾವಾಗಿ ಬದಲಾಯಿಸುವಂತಿಲ್ಲ, ಹಾಗಾಗಿ ಎಚ್ಚರಿಸಲಿಲ್ಲವೆಂದು ಅವರ ಮೇಲೆ ಕೇಸು ನಿಲ್ಲುವುದಿಲ್ಲ. ಐದು ನ್ಯಾಯಾಧೀಶರು ಹೌದು ಅಂದರು, ನಾಲ್ವರು ಅಲ್ಲ ಅಂದರು. ನೊಂದವರ ಕಡೆಯಿಂದ ನೋಡಿದರೆ ಇದರಲ್ಲಿ ಅರ್ಥ ಕಾಣುವುದಿಲ್ಲ ಅಂತ ತೀರ್ಪು ಬರೆದವರೇ ಒಪ್ಪಿಕೊಂಡಿದ್ದಾರೆ. ಒಂದೇ ಔಷಧಿ, ಒಂದೇ ಕಾಯಿಲೆ. ಡಬ್ಬಿಯ ಮೇಲಿನ ಹೆಸರು ನೋಡಿ ಕೋರ್ಟಿನ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಅಪ್ಪ ಕನ್ನಡಕ ತೆಗೆದು, "ಇಂಥ ಬ್ಯಾಲೆನ್ಸ್ ಶೀಟು ತಂದಿದ್ರೆ ನಾನು ಸಹಿ ಹಾಕ್ತಿರಲಿಲ್ಲ" ಅಂದರು.

ಇಷ್ಟು ಹೊತ್ತಿಗೆ ಅಪ್ಪ ಮೊದಲಿನ ಅಪ್ಪ ಆಗುತ್ತಿದ್ದರು. ಮಾತ್ರೆಯನ್ನು ಒಂದೇ ಸಲ ನಿಲ್ಲಿಸಿರಲಿಲ್ಲ. ಹಾಗೆ ನಿಲ್ಲಿಸಲೂಬಾರದು. ನಿಲ್ಲಿಸಿದರೆ ವಿಪರೀತ ಆತಂಕ, ಬೇಸರ, ಬೆವರು ಶುರುವಾಗಬಹುದು. ಡಾಕ್ಟರು ವಾರ ವಾರಕ್ಕೆ ಡೋಸು ಇಳಿಸಿ, ಆ ಜಾಗಕ್ಕೆ ಲೆವೊಡೋಪಾ ಅನ್ನುವ ಇನ್ನೊಂದು ಪಾರ್ಕಿನ್ಸನ್ ಮಾತ್ರೆ ಹೆಚ್ಚಿಸಿದರು. ಮೂರನೇ ವಾರ ತುಂಬಾ ಕಷ್ಟವಾಯಿತು. ರಾತ್ರಿಯಿಡೀ ವರಾಂಡದಲ್ಲಿ ನಡೆಯುತ್ತಿದ್ದರು, ನಾನು ಜೊತೆಗೆ ನಡೆಯುತ್ತಿದ್ದೆ. ಆರನೇ ವಾರದ ಹೊತ್ತಿಗೆ ಒಂದು ದಿನ ಬೆಳಿಗ್ಗೆ, "ನಿನ್ನೆ ರಾತ್ರಿ ಆಟ ನೆನಪೇ ಆಗಲಿಲ್ಲ ಪುಟ್ಟಿ" ಅಂದರು. ಕೈ ಮತ್ತೆ ನಡುಗಲು ಶುರುವಾಗಿತ್ತು. ಗಡಿಯಾರವನ್ನು ವಾಪಸ್ ಜೋಡಿಸಲು ಇನ್ನು ಅವರಿಂದ ಆಗುವುದಿಲ್ಲ. ಅದು ಒಂದು ಡಬ್ಬದಲ್ಲಿದೆ.

ಕೇಸು ಹಾಕಲಿಲ್ಲ. ಡಾಕ್ಟರ ಮೇಲೆ ಹಾಕುವುದು ಅಪ್ಪನಿಗೆ ಬೇಡವಾಗಿತ್ತು. ಕಂಪನಿ ಮೇಲೆ ಹಾಕಲು ಆ ಮೂರು ಸಾಲು ಅಡ್ಡ. ಆ ಸಾಲುಗಳ ಬಗ್ಗೆ ನನಗೆ ಇವತ್ತಿಗೂ ಮನಸ್ಸು ಎರಡು ಥರ. ನಾಚಿಕೆ ಬಿಟ್ಟು ಕೋರ್ಟಿಗೆ ಹೋಗಿ, ನಾನು ಜೂಜಾಡಿದೆ, ಕದ್ದೆ ಅಂತ ಎಲ್ಲರ ಮುಂದೆ ಹೇಳಿದವರಿಲ್ಲದಿದ್ದರೆ ಅವತ್ತು ರಾತ್ರಿ ನನ್ನ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ. ನಾವು ಅಪ್ಪನನ್ನು ಕಳ್ಳ ಅಂತಲೇ ತಿಳಿದುಕೊಂಡಿರುತ್ತಿದ್ದೆವು. ಅದೇ ಸಾಲು ಈಗ ಕಂಪನಿಯ ಬಾಗಿಲಿಗೆ ಬೀಗವಾಗಿ ಕೂತಿದೆ.

ತಮ್ಮನಿಗೆ ಫ್ರಾನ್ಸಿನ ಸುದ್ದಿಯನ್ನು ಕನ್ನಡಕ್ಕೆ ಮಾಡಿ ಕಳಿಸಿದ್ದೆ. ಅದಕ್ಕೆ ಉತ್ತರ ಬರೆಯಲಿಲ್ಲ. ಎರಡು ದಿನ ಬಿಟ್ಟು ಮನೆಗೆ ಬಂದ. ಅಪ್ಪ ಮೇಜಿನ ಮುಂದೆ ಕೂತು, ಕಳೆದದ್ದನ್ನೆಲ್ಲ ಬ್ಯಾಂಕಿನ ಹಾಳೆ ನೋಡಿಕೊಂಡು ಡೈರಿಗೆ ಇಳಿಸುತ್ತಿದ್ದರು. ಹೊಸ ಕೆಂಪು ಪೆನ್ನು. ಅಕ್ಷರ ಸಣ್ಣಗೆ, ವಕ್ರವಾಗಿ ಬರುತ್ತಿತ್ತು. ತಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಅಂಕಿ ಓದಿ ಹೇಳತೊಡಗಿದ. ಅರ್ಧ ಗಂಟೆ ಅವರಿಬ್ಬರ ನಡುವೆ ಅಂಕಿ ಬಿಟ್ಟು ಬೇರೆ ಮಾತಿರಲಿಲ್ಲ. ಆಮೇಲೆ ಅಪ್ಪ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಆ ಫ್ರಾನ್ಸಿನವರಿಗೆ ಕೊನೆಗೂ ದುಡ್ಡು ಬಂತು ಅಂದೆಯಲ್ಲ?"

"ಕೊಡಬೇಕು ಅಂತ ಕೋರ್ಟು ಹೇಳಿತು ಅಪ್ಪಾ."

"ಅಂತೂ ನಮ್ಮೋರಲ್ಲಿ ಒಬ್ಬ ಗೆದ್ದ ಅನ್ನು."

ತಮ್ಮ ಜೋರಾಗಿ ನಕ್ಕುಬಿಟ್ಟ. ಅಮ್ಮ ನಗಲಿಲ್ಲ. ಹತ್ತು ಗಂಟೆಯಾಗಿತ್ತು. ಮೇಜಿನ ಮೇಲಿದ್ದ ಅಪ್ಪನ ಫೋನು ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು.